ಹುಳಿ ಬಂದ ಹಿಟ್ಟು, ದಿನ ತುಂಬದ ಮರಿ

ಇಡ್ಲಿ ಹಿಟ್ಟು ಎಷ್ಟು ಹುಳಿ ಬಂದಿದೆ ಎಂದು ನಾನು ಮೂಗಿನಿಂದಲೇ ಹೇಳಬಲ್ಲೆ. ಜಂಬ ಅನ್ನುವವರು ಅನ್ನಲಿ. ಆರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಹುಬ್ಬಳ್ಳಿಯ ಹೋಟೆಲಿನಲ್ಲಿ ಲೋಟ ತೊಳೆದು, ದೋಸೆ ಹುಯ್ಯುವುದನ್ನು ಕಲಿತು, ಕೋಲ್ಕತ್ತಕ್ಕೆ ಬಂದು, ಈಗ ಬೆಹಾಲಾದ ಓಣಿಯಲ್ಲಿ ನನ್ನದೇ ಹಿಟ್ಟಿನ ಅಂಗಡಿ ಇಟ್ಟಿದ್ದೇನೆ. ಲೇಕ್ ಮಾರ್ಕೆಟ್ಟಿನ ಅಂಗಡಿಗಳಿಗೂ ನನ್ನ ಪ್ಯಾಕೆಟ್ಟು ಹೋಗುತ್ತದೆ. ಹುಳಿಯೆಂದು ಒಂದೂ ವಾಪಸ್ ಬಂದದ್ದಿರಲಿಲ್ಲ. "ಆ ಮೂಗಿಗೊಂದು ಗುಡಿ ಕಟ್ಟಸ್ರಿ," ಎಂದು ಹೆಂಡತಿ ಚೇಷ್ಟೆ ಮಾಡುತ್ತಿದ್ದಳು.

ಆಡು ಬಂದದ್ದು ಮಗಳಿಗೆ ಡೆಂಗಿ ಆದ ವರ್ಷ. ಆಡಿನ ಹಾಲು ಕುಡಿಸಿ ಎಂದು ಓಣಿಯವರೆಲ್ಲ ಹೇಳಿದರು. ಹಾಲಿನಿಂದಲೋ ಸಲಾಯಿನ್‌ನಿಂದಲೋ ಮಗಳು ಎದ್ದು ಕೂತಳು, ಆಡು ನಮ್ಮಲ್ಲೇ ಉಳಿಯಿತು. ಮೊಣಕಾಲೆತ್ತರದ ಕರಿ ಆಡು. ಅಂಗಡಿಯ ಹಿಂದೆ ತಗಡಿನ ಚಪ್ಪರದಡಿ ಕಟ್ಟುತ್ತೇವೆ. ಇಲ್ಲಿ ಬಜಾರಿನಲ್ಲಿ ಹಲಸಿನ ಎಲೆಯನ್ನು ಕಟ್ಟು ಕಟ್ಟಿ ಮಾರುತ್ತಾರೆ, ಅದನ್ನು ತಂದು ಹಾಕುತ್ತೇನೆ. ಜನವರಿ ಕೊನೆಗೆ, ಇಲ್ಲಿಯವರ ಸರಸ್ವತಿ ಪೂಜೆಯ ಹೊತ್ತಿಗೆ ಗಬ್ಬ ಆಯಿತು. ಜೂನ್ ಕೊನೆಗೆ ಈಯುತ್ತದೆ ಎಂದು ಎಣಿಸಿದ್ದೆವು.

ಜೂನಿನ ಮೊದಲ ವಾರ ಒಂದು ಸಂಜೆ ಬಿರುಗಾಳಿ ಎದ್ದು ಓಣಿಯ ತಂತಿ ಕಡಿದು ಬಿತ್ತು. ಮರುದಿನ ಮಧ್ಯಾಹ್ನದವರೆಗೂ ಕರೆಂಟಿಲ್ಲ, ಫ್ರಿಜ್ಜಿಲ್ಲ. ಬಕೆಟ್ಟಿನ ಮುಚ್ಚಳ ತೆಗೆದು ಮೂಗು ಒಡ್ಡಿದೆ. ಮನುಷ್ಯರು ತಿನ್ನುವ ಹಂತ ದಾಟಿತ್ತು. ಆದರೆ ರುಬ್ಬಿದ್ದನ್ನು ಚೆಲ್ಲುವುದು ನನ್ನ ಜಾಯಮಾನದಲ್ಲೇ ಇಲ್ಲ. ಆಡಿನ ಬೋಗುಣಿಗೆ ಸುರಿದೆ. ಅದು ಮೂತಿ ಮುಳುಗಿಸಿ ತಿಂದಿತು. ಖುಷಿಯಿಂದ ತಿಂತಲ್ಲ ಎಂದು ಇನ್ನೊಮ್ಮೆ ಸುರಿದೆ, ಮತ್ತೊಮ್ಮೆಯೂ ಸುರಿದೆ.

ಸಂಜೆಗೆ ಅದರ ಹೊಟ್ಟೆ ಉಬ್ಬಿತು. ಹಲ್ಲು ಕಡಿಯುತ್ತ ಮೂಲೆಯಲ್ಲಿ ನಿಂತಿತು, ಎಲೆ ಮುಟ್ಟಲಿಲ್ಲ. ಮೂರನೇ ದಿನ ಬೆಳಗ್ಗೆ ಹತ್ತಕ್ಕೆ ಮರಿ ಹಾಕಿತು.

ನನ್ನ ಕೈಗೆ ಒಂದು ಕಿಲೋ ಗೊತ್ತು, ಅರ್ಧ ಕಿಲೋನೂ ಗೊತ್ತು. ಮರಿಯನ್ನು ಎತ್ತಿದಾಗ ಕೈ ತಾನಾಗಿಯೇ ಅರ್ಧ ಕಿಲೋ ಎಂದಿತು. ಗಂಡು ಮರಿ. ಮೈಮೇಲೆ ಕೂದಲು ಪೂರ್ತಿ ಬಂದಿರಲಿಲ್ಲ. ಗೊರಸು ಬೆಂದ ಬಟಾಣಿಯಂತೆ ಮೆತ್ತಗಿತ್ತು. ಹಿಟ್ಟು ಸಾಗಿಸುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಇಡ್ಲಿ ಬಟ್ಟೆ ಹಾಸಿ, ಬಿಸಿನೀರಿನ ಎರಡು ಬಾಟಲಿ ಇಟ್ಟು ನಡುವೆ ಮಲಗಿಸಿದೆ. ಹೆಂಡತಿ ಗಿಣ್ಣುಹಾಲು ಹಿಂಡಿ ಚಮಚದಲ್ಲಿ ಹಿಡಿದಳು.

"ಬೆರಳ ಇಟ್ಟರೂ ಚೀಪವಲ್ದು," ಎಂದಳು. "ಬಾಯಿ ಒಳಗ ಸೈತ ತಣ್ಣಗ ಐತ್ರಿ."

ಪ್ರಾಣಿಗಳ ಡಾಕ್ಟರನ್ನು ಕರೆಸಿದೆವು. ಬಂಗಾಳಿ ಹುಡುಗ, ಸ್ಕೂಟರಿನಲ್ಲಿ ಬಂದ. ಮರಿಯನ್ನು ನೋಡಿ, ತಾಯಿಯ ಹೊಟ್ಟೆ ಒತ್ತಿ ನೋಡಿದ.

"ಎಲ್ಲಾದರೂ ಬಿದ್ದಿತ್ತಾ, ದಾದಾ?" ಎಂದು ಹಿಂದಿಯಲ್ಲಿ ಕೇಳಿದ.

"ಇಲ್ಲ."

"ಏನು ತಿನ್ನಿಸಿದ್ರಿ?"

"ಎಲೆ. ಸ್ವಲ್ಪ ತೌಡು."

"ಅಕ್ಕಿ, ಅನ್ನ, ಅಂಥದ್ದು ಜಾಸ್ತಿ ಏನಾದರೂ?"

"ಇಲ್ಲ," ಎಂದೆ.

ಹೆಂಡತಿ ಪೆಟ್ಟಿಗೆಯ ಹತ್ತಿರ ಕೂತಿದ್ದಳು, ತಲೆ ಎತ್ತಲಿಲ್ಲ. ಡಾಕ್ಟರ್ ಹುಡುಗ ಯಾವುದೋ ಸೂಜಿ ಚುಚ್ಚಿ, ಪುಡಿ ಕೊಟ್ಟು ಹೋದ. ನಾನು ನಿಜ ಹೇಳಿದ್ದರೆ ಬೇರೆ ಔಷಧಿ ಕೊಡುತ್ತಿದ್ದನೇನೋ. ಹೇಳಲು ಬಾಯಿ ಬರಲಿಲ್ಲ. ಹಿಟ್ಟಿನ ವಿಷಯದಲ್ಲಿ ತಪ್ಪಿದೆ ಎಂದು ನಾನು ಯಾರ ಮುಂದೆಯೂ ಹೇಳಿದವನಲ್ಲ.

ಮರಿ ಒಂದು ದಿನ ಮತ್ತು ಒಂದು ಹೊತ್ತು ಬದುಕಿತು. ಮರುದಿನ ಮಗಳು ಶಾಲೆಯಿಂದ ಬಂದವಳೇ ಚೀಲ ಹೊತ್ತುಕೊಂಡೇ ಪೆಟ್ಟಿಗೆಯೊಳಗೆ ಬಗ್ಗಿದಳು. ನಾಲ್ಕು ಗಂಟೆ ಇರಬೇಕು. ಗ್ರೈಂಡರಿನಲ್ಲಿ ಉದ್ದು ತಿರುಗುತ್ತಿತ್ತು.

"ಪಪ್ಪಾ, ಇದು ಸೋ ಗಯಾ ಕ್ಯಾ? ಮಲಗಿತಾ?"

ಹೆಂಡತಿ ಬಂದು ಪಕ್ಕೆಯ ಮೇಲೆ ಕೈ ಇಟ್ಟು ನೋಡಿದಳು. "ಹೋತ್ರಿ," ಎಂದಳು.

ನಾನು ಗ್ರೈಂಡರ್ ನಿಲ್ಲಿಸಲಿಲ್ಲ. ಉದ್ದು ಅರ್ಧ ನುಣ್ಣಗಾಗಿತ್ತು. ಅಲ್ಲಿಗೆ ಬಿಟ್ಟರೆ ಇಡ್ಲಿ ಏಳುವುದಿಲ್ಲ. ನೀರು ಚಿಮುಕಿಸಿದೆ, ಅಂಚಿಗೆ ಹತ್ತಿದ್ದನ್ನು ಕೈಯಿಂದ ತಳ್ಳಿದೆ, ಮತ್ತೆ ನೀರು ಚಿಮುಕಿಸಿದೆ. ಹಿಟ್ಟು ತೆಗೆದು, ಕಲ್ಲು ತೊಳೆದು, ಕೈ ಒರೆಸಿಕೊಂಡ ಮೇಲೆಯೇ ಪೆಟ್ಟಿಗೆಯ ಹತ್ತಿರ ಹೋದದ್ದು. ಅಳು ಬರುತ್ತದೇನೋ ಎಂದು ಸ್ವಲ್ಪ ನಿಂತೆ. ಬರಲಿಲ್ಲ. ಬಾಟಲಿಗಳು ಇನ್ನೂ ಬೆಚ್ಚಗಿದ್ದವು.

ಪಕ್ಕದ ಮನೆಯ ಮುದುಕಿಯನ್ನು ನಾವು ಮಾಶಿಮಾ ಅನ್ನುತ್ತೇವೆ. ಅವರು ಗೇಟಿನ ಆಚೆಯಿಂದಲೇ ಎಲ್ಲ ನೋಡಿದ್ದರು.

"ಕಾರ್ಪೊರೇಷನ್ ಗಾಡಿಗೆ ಹಾಕಬೇಡ, ಬಾಬಾ. ನಮ್ಮ ಪೇರಲ ಗಿಡದ ಬುಡದಲ್ಲಿ ಜಾಗ ಇದೆ," ಎಂದರು. ನಾನು ಅಗೆಯುವಾಗ ಪಕ್ಕದಲ್ಲೇ ನಿಂತು, "ಇಡ್ಲಿ ಮಾಡುವವನಿಗೆ ಗುಂಡಿ ತೋಡಲು ಬರುತ್ತದಾ? ಇನ್ನೂ ಆಳ ತೆಗಿ, ಬೆಕ್ಕು ಎಳೆಯುತ್ತೆ," ಎಂದು ಗದರಿಸಿದರು. ಆಳ ತೆಗೆದೆ. ಇಡ್ಲಿ ಬಟ್ಟೆಯಲ್ಲೇ ಸುತ್ತಿ ಇಟ್ಟೆ.

ಆಮೇಲಿನ ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಅಕ್ಕಿ ನೆನೆ ಹಾಕಿದೆ, ರುಬ್ಬಿದೆ, ಪ್ಯಾಕೆಟ್ಟು ಕಟ್ಟಿದೆ. ಆಡು ಚೇತರಿಸಿಕೊಂಡು ಎಲೆ ತಿನ್ನತೊಡಗಿತು. ಥರ್ಮೋಕೋಲ್ ಪೆಟ್ಟಿಗೆ ಕಂಡರೆ ಮಾತ್ರ ಸಣ್ಣಗೆ ಕೂಗುತ್ತಿತ್ತು. ಹೆಂಡತಿ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದಳು. ಆಡಿನ ಕೆಚ್ಚಲು ಬಾತಿತ್ತು, ಅವಳೇ ದಿನಾ ಹಿಂಡಿದಳು. ಆ ಹಾಲನ್ನು ಏನು ಮಾಡಿದಳೋ, ನಾನು ಕೇಳಲಿಲ್ಲ.

ಮಗಳು ಒಂದು ಸಲ ಕೇಳಿದಳು: "ಅದು ಇಷ್ಟು ಜಲ್ದಿ ಯಾಕೆ ಬಂತು, ಪಪ್ಪಾ?"

"ಗೊತ್ತಿಲ್ಲ," ಎಂದೆ. ಡಾಕ್ಟರಿಗೆ ಹೇಳಿದಷ್ಟೇ ಸಲೀಸಾಗಿ ಬಂತು.

ನನಗೆ ತಿಳಿಯದೆಯೇ ಒಂದು ಬದಲಾವಣೆ ಆಗಿತ್ತು. ಮೂಗಿಗೆ ಏನೂ ಹತ್ತುತ್ತಿರಲಿಲ್ಲ. ನೆಗಡಿ ಇರಲಿಲ್ಲ. ಬಕೆಟ್ಟಿನ ಮೇಲೆ ಬಗ್ಗಿದರೆ ನೀರಿನ ಮೇಲೆ ಬಗ್ಗಿದಂತೆ ಆಗುತ್ತಿತ್ತು. ಯಾರಿಗೂ ಹೇಳದೆ ಅಂದಾಜಿನ ಮೇಲೆ ಪ್ಯಾಕೆಟ್ಟು ಕಳಿಸಿದೆ. ಎರಡು ವಾರದ ನಂತರ ಒಂದು ಮಧ್ಯಾಹ್ನ ಲೇಕ್ ಮಾರ್ಕೆಟ್ಟಿನ ಅಂಗಡಿಯವರು ಒಂದು ಚೀಲ ತುಂಬ ಪ್ಯಾಕೆಟ್ಟು ವಾಪಸ್ ಕಳಿಸಿದರು. ಎಲ್ಲ ಉಬ್ಬಿ ಬಲೂನಿನಂತಾಗಿದ್ದವು. "ಏನು ದಾದಾ, ಇಡ್ಲಿ ಬಿಟ್ಟು ಉಪ್ಪಿನಕಾಯಿ ಮಾಡ್ತಿದ್ದೀರಾ?" ಎಂದು ಫೋನಿನಲ್ಲಿ ನಕ್ಕರು.

ಅವನ್ನೆಲ್ಲ ಒಂದು ಬಕೆಟ್ಟಿಗೆ ಕತ್ತರಿಸಿ ಸುರಿದುಕೊಂಡು ಹಿಂದಕ್ಕೆ ಹೋದೆ. ಒಂದು ಕಡೆ ಮೋರಿ, ಒಂದು ಕಡೆ ಆಡು. ಎಷ್ಟು ಹೊತ್ತು ನಿಂತೆನೋ.

"ಅದಕ್ಕ ಮತ್ತ ಹಾಕಬ್ಯಾಡ್ರಿ," ಎಂದಳು ಹೆಂಡತಿ ಹಿಂದಿನಿಂದ.

ಬಕೆಟ್ಟನ್ನು ನೆಲಕ್ಕಿಟ್ಟೆ.

"ಅವತ್ತ ಬೋಗುಣಿ ತೊಳದಾಕಿ ನಾನ. ಅಂಚಿಗೆಲ್ಲ ಹಿಟ್ಟ ಒಣಗಿ ಹತ್ತಿತ್ತು. ಮೂರು ಸಲ ತಿಕ್ಕಿನಿ."

"ಡಾಕ್ಟರಿಗೆ ನಾ ಹೇಳಲಿಲ್ಲ," ಎಂದೆ.

"ನಾನೂ ಅಲ್ಲೇ ಇದ್ದೆನಲ್ರಿ. ನಾನೂ ಹೇಳಲಿಲ್ಲ. ನಿಮ್ಮ ಮಾರಿ ನೋಡಿ ಸುಮ್ಮನಾದೆ," ಎಂದಳು.

ಬಕೆಟ್ಟನ್ನು ಮೋರಿಯ ಕಡೆ ಬಗ್ಗಿಸಿದೆ. ರುಬ್ಬಿದ್ದನ್ನು ಚೆಲ್ಲಿದ್ದು ಅದೇ ಮೊದಲು. ಬಿಳಿ ಹಿಟ್ಟು ನಿಧಾನಕ್ಕೆ ಹೋಗುತ್ತಿತ್ತು. ಆಡಿಗೆ ವಾಸನೆ ಹತ್ತಿತು. ಎಲೆ ಬಿಟ್ಟು ಬಂದು, ಹಗ್ಗ ಪೂರ್ತಿ ಎಳೆದು, ಕುತ್ತಿಗೆ ಚಾಚಿ, ನಾಲಿಗೆ ಹೊರಗೆ ಹಾಕಿತು. ಅದಕ್ಕೆ ಹಿಟ್ಟೆಂದರೆ ಈಗಲೂ ಆಸೆ. ನಾನು ಅದಕ್ಕೂ ಮೋರಿಗೂ ನಡುವೆ ನಿಂತೆ. ಹೆಂಡತಿ ಕೊಡದಲ್ಲಿ ನೀರು ತಂದಳು. ಬಿಳಿ ಪೂರ್ತಿ ಹೋಗುವವರೆಗೂ ಅವಳು ಸುರಿದಳು, ನಾನು ಪೊರಕೆಯಿಂದ ತಳ್ಳಿದೆ.