ಖಾಲಿ ಕೊಡಬಾರದ ಡಬ್ಬಿ

ಸಿಡ್ನಿಯಲ್ಲಿ ನಾನು ಬಾಡಿಗೆಗೆ ಹಿಡಿದ ಮನೆಯಲ್ಲಿ ಮೊದಲ ದಿನವೇ ಹೊಗೆಯ ಅಲಾರಂ ಬಡಿದುಕೊಂಡಿತು. ತಪ್ಪು ನನ್ನದೇ. ಹೊಸ ಮನೆಗೆ ಕಾಲಿಟ್ಟರೆ ಹಾಲು ಉಕ್ಕಿಸದೆ ಒಂದು ಲೋಟ ನೀರೂ ಕುಡಿಯಬೇಡ ಎಂದು ಅಮ್ಮ ದಾವಣಗೆರೆಯಿಂದ ಫೋನಿನಲ್ಲೇ ಅಪ್ಪಣೆ ಮಾಡಿದ್ದಳು. ನಮ್ಮೂರ ಒಲೆಯಲ್ಲಾದರೆ ಹಾಲು ಉಕ್ಕಿ, ಒಂದಿಷ್ಟು ಚೆಲ್ಲಿ, ಅಲ್ಲಿಗೆ ಶಾಸ್ತ್ರ ಮುಗಿಯುತ್ತದೆ. ಇಲ್ಲಿಯದು ಕರೆಂಟಿನ ಒಲೆ. ಕೆಂಪಗೆ ಕಾದ ಗಾಜಿನ ಮೇಲೆ ಚೆಲ್ಲಿದ ಹಾಲು ಸೀದು, ಅಡುಗೆಮನೆಯ ತುಂಬ ಹೊಗೆಯೆದ್ದು, ಚಾವಣಿಗೆ ಅಂಟಿಕೊಂಡಿದ್ದ ಆ ಬಿಳಿ ಬಿಲ್ಲೆ ಕಿವಿ ಕಿತ್ತುಹೋಗುವಂತೆ ಕಿರುಚಿತು. ನಾನು ದೇವರಿಗೆ ಕೈಮುಗಿಯುವುದೋ ಕಿಟಕಿ ತೆಗೆಯುವುದೋ ತಿಳಿಯದೆ ಎರಡನ್ನೂ ಮಾಡದೆ ನಿಂತಿದ್ದೆ.

ಆಗ ಕೆಳಗಿನ ಮನೆಯಿಂದ ಒಬ್ಬ ವಯಸ್ಸಾದ ಹೆಂಗಸು ಮೆಟ್ಟಿಲು ಹತ್ತಿ ಬಂದರು. ನನ್ನ ಭುಜದಷ್ಟು ಎತ್ತರ, ಕತ್ತರಿಸಿದ ಬಿಳಿಕೂದಲು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಕೈಯಲ್ಲಿದ್ದ ಟವೆಲ್ಲನ್ನು ಅಲಾರಮ್ಮಿನ ಕೆಳಗೆ ಬೀಸಿ ಬೀಸಿ ಅದರ ಬಾಯಿ ಮುಚ್ಚಿಸಿದರು. ಆಮೇಲೆ ಒಲೆಯನ್ನೂ ಅದರ ಮುಂದೆ ಹಚ್ಚಿಟ್ಟಿದ್ದ ಊದುಬತ್ತಿಯನ್ನೂ ನೋಡಿ, ಏನೂ ಕೇಳದೆ, ಒಮ್ಮೆ ತಲೆಬಾಗಿ ಇಳಿದುಹೋದರು. ಇಂಥ ಹೊತ್ತಿನಲ್ಲೂ ಚಪ್ಪಲಿ ಬಿಟ್ಟು ಬಂದರಲ್ಲ ಎಂದು ನನಗೆ ಅವರ ಮೇಲೆ ಅಲ್ಲೇ ಪ್ರೀತಿ ಹುಟ್ಟಿತು.

ಮರುದಿನ ಅವರು ನೀಲಿ ಅಂಚಿನ ಬಿಳಿ ಎನಾಮಲ್ ಡಬ್ಬಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟರು. ಒಳಗೆ ಬೇಯಿಸಿದ ಸಿಹಿಗುಂಬಳ. ಜಪಾನಿನಿಂದ ಮದುವೆಯಾಗಿ ಬಂದು ನಲವತ್ತು ವರ್ಷವಾಯಿತೆಂದೂ, ಗಂಡ ತೀರಿಕೊಂಡು ಆರು ವರ್ಷವೆಂದೂ ಬಾಗಿಲಲ್ಲಿ ನಿಂತೇ ಹೇಳಿದರು. ನಾನು ಓದಲು ಬಂದಿದ್ದೇನೆ, ಸಂಜೆ ಸೂಪರ್‌ಮಾರ್ಕೆಟ್ಟಿನಲ್ಲಿ ಕೆಲಸ ಎಂದೆ. ಇಬ್ಬರದೂ ಸಾಲ ತಂದ ಇಂಗ್ಲಿಷು; ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಕುಂಬಳ ಬೆಣ್ಣೆಯಂತಿತ್ತು. ನಿಂತಲ್ಲೇ ಅಷ್ಟನ್ನೂ ತಿಂದು ಡಬ್ಬಿ ತೊಳೆದಿಟ್ಟೆ. ಇನ್ನು ಡಬ್ಬಿಯನ್ನು ಖಾಲಿ ಕೊಡುವುದುಂಟೆ? ನಮ್ಮಲ್ಲಿ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಹತ್ತಿರದ ಹ್ಯಾರಿಸ್ ಪಾರ್ಕಿನ ಇಂಡಿಯನ್ ಅಂಗಡಿಯಿಂದ ರವೆ ತಂದು ಕೇಸರಿಬಾತು ಮಾಡಿ ತುಂಬಿಕೊಟ್ಟೆ. ನಾಲ್ಕೇ ದಿನಕ್ಕೆ ಡಬ್ಬಿ ಬದನೆಕಾಯಿ ಹೊತ್ತು ತಿರುಗಿ ಬಂತು. ಅವರ ದೇಶದಲ್ಲೂ ಕೊಟ್ಟದ್ದಕ್ಕೆ ತಿರುಗಿ ಕೊಡದೆ ಇರುವಂತಿಲ್ಲವಂತೆ. ಇಂಥ ಇಬ್ಬರು ಒಂದೇ ಮೆಟ್ಟಿಲ ಮೇಲೂ ಕೆಳಗೂ ಸಿಕ್ಕಿಕೊಂಡರೆ ಡಬ್ಬಿಗೆ ಬಿಡುವೆಲ್ಲಿ? ನಾನಂತೂ ಸೋಲುವ ಪೈಕಿಯವಳಲ್ಲ. ಚಿತ್ರಾನ್ನ ಕೊಟ್ಟೆ.

ಅಷ್ಟರಲ್ಲಿ, ನನ್ನ ಜೊತೆ ಮನೆ ಹಂಚಿಕೊಳ್ಳಲು ಒಪ್ಪಿ ರಜೆಗೆ ಊರಿಗೆ ಹೋಗಿದ್ದ ಗೆಳತಿ ವಾಪಸು ಬಂದಳು. ಮಂಗಳೂರಿನವಳು, ಒಂದು ಜಪಾನಿ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಮೂರನೆಯ ಸಲ ಬಂದ ಡಬ್ಬಿಯ ಮುಚ್ಚಳ ತೆಗೆಯುತ್ತಾ ನಾನು ಕುಂಬಳದ ಗುಣಗಾನ ಮಾಡುತ್ತಿದ್ದರೆ ಅವಳು ನನ್ನನ್ನೇ ನೋಡಿದಳು.

"ಎಂತ ಮಾರಾಯ್ತಿ, ನೀನು ಇದನ್ನು ತಿಂದದ್ದಾ?"

"ಎರಡು ಸಲ. ಯಾಕೆ?"

"ಇವರು ತರಕಾರಿ ಬೇಯಿಸುದೇ ಮೀನಿನ ನೀರಲ್ಲಿ. ಒಣಮೀನು ಕೆರೆದು ಕುದಿಸಿ ಸೋಸುದು. ಕಣ್ಣಿಗೆ ಕಾಣುದಿಲ್ಲ. ನಿಮ್ಗೆ ಸಾರಿಗೆ ಬೇಳೆಕಟ್ಟು ಹೇಗೆ, ಇವರಿಗೆ ಅದು ಹಾಗೆ."

ನಮ್ಮದು ಮೊಟ್ಟೆಯೂ ಒಳಗೆ ಬಾರದ ಮನೆ. ಅಜ್ಜಿಯಂತೂ ಹೊರಗಿನವರು ಊಟ ಮಾಡಿದ ತಟ್ಟೆಯನ್ನೇ ಬೇರೆ ಇಡುತ್ತಿದ್ದಳು. ನಾನು ಅಷ್ಟು ಮಡಿಯವಳಲ್ಲ ಎಂದು ನನ್ನ ಬಗ್ಗೆ ನನಗೆ ಹೆಮ್ಮೆಯಿತ್ತು. ಆ ಹೆಮ್ಮೆಯೆಲ್ಲ ಅವತ್ತು ವಾಶ್‌ಬೇಸಿನ್ನಿನಲ್ಲಿ ಹರಿದುಹೋಯಿತು. ಮೂರು ಸಲ ಹಲ್ಲುಜ್ಜಿದೆ. ವಿಭೂತಿ ಹಚ್ಚಿಕೊಂಡು ತಿಳಿಯದೆ ಆದದ್ದು ಎಂದು ದೇವರಿಗೆ ಹೇಳಿಕೊಂಡೆ. ಆ ಭಾನುವಾರ ಅಮ್ಮ "ಏನ್ ಉಂಡ್ಯವ್ವಾ?" ಎಂದು ಕೇಳಿದಾಗ ಅನ್ನ ತಿಳಿಸಾರು ಎಂದು ಸುಳ್ಳು ಹೇಳಿ ಬೇಗನೆ ಫೋನಿಟ್ಟೆ.

ಕೆಳಗೆ ಹೋಗಿ, ಆಂಟಿ, ನಾನು ಮೀನು ತಿನ್ನುವುದಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಹೋದೆ ಕೂಡ. ಅವರು ಬಾಗಿಲು ತೆಗೆದು, ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಹೇಗಿತ್ತು?" ಎಂದು ಕೇಳಿ, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ನನ್ನ ಮುಖವನ್ನೇ ನೋಡುತ್ತಾ ನಿಂತರು. ನನ್ನ ಬಾಯಿಂದ "ತುಂಬಾ ಚೆನ್ನಾಗಿತ್ತು" ಎಂದು ಬಂತು. ಆ ಊರಿನಲ್ಲಿ ನಮ್ಮವರಿಗೇನೂ ಬರವಿರಲಿಲ್ಲ. ಸ್ಟೇಷನ್ನಿಗೆ ನಡೆದು ಹೋಗುವಷ್ಟರಲ್ಲಿ ಹತ್ತು ಜನ ಆಂಟಿಯರು ಎದುರಾಗುತ್ತಿದ್ದರು. ಎಲ್ಲರೂ ವೀಸಾ ಏನಾಯಿತು, ಇಲ್ಲೇ ನೆಲೆಸಲು ಪಿಆರ್ ಯಾವಾಗ ಎಂದೇ ಕೇಳುತ್ತಿದ್ದರು. ನಾನು ಊಟ ಮಾಡಿದೆನೋ ಇಲ್ಲವೋ ಎಂದು ಕೇಳಲು ಇದ್ದವರು ಇವರೊಬ್ಬರೇ, ಅವರನ್ನು ಕಳೆದುಕೊಳ್ಳುವ ಧೈರ್ಯ ನನಗಾಗಲಿಲ್ಲ.

ಹಾಗಾಗಿ ಎರಡು ವರ್ಷ ಒಂದು ನಾಟಕ ನಡೆಯಿತು. ಡಬ್ಬಿ ಬರುತ್ತಿತ್ತು: ಮೂಲಂಗಿ, ಕಮಲದ ದಂಟು, ಸೋಯಾ ಗಿಣ್ಣು, ಹಸಿರು ಹುರುಳಿಕಾಯಿ. ನಾನು ಅದನ್ನು ಗೆಳತಿಯ ಮುಂದಿಟ್ಟು, ಕಿಟಕಿಯ ಕಡೆ ಮುಖ ಮಾಡಿ ನನ್ನ ಮೊಸರನ್ನ ತಿನ್ನುತ್ತಿದ್ದೆ. ಅವಳು ಅಷ್ಟನ್ನೂ ಖಾಲಿ ಮಾಡಿ, "ಈ ಅಜ್ಜಿಯ ಕೈ ಯಾಕೋ ಸಪ್ಪೆ ಆಗಿದೆ ಮಾರಾಯ್ತಿ" ಎಂದು ಬೇರೆ ದೂರುತ್ತಿದ್ದಳು. ಪುಕ್ಕಟೆ ಸಿಕ್ಕಿದ್ದಕ್ಕೂ ತಕರಾರು ತೆಗೆಯುತ್ತಾಳಲ್ಲ ಎಂದು ನಾನು ರೇಗುತ್ತಿದ್ದೆ. ಡಬ್ಬಿ ತೊಳೆದು, ಅವಲಕ್ಕಿ ಒಗ್ಗರಣೆಯನ್ನೋ ನಿಪ್ಪಟ್ಟನ್ನೋ ತುಂಬಿಕೊಂಡು ಕೆಳಗಿಳಿದು, ಮತ್ತೆ "ತುಂಬಾ ಚೆನ್ನಾಗಿತ್ತು" ಎನ್ನುತ್ತಿದ್ದೆ. ಅವರು ತಲೆಯಾಡಿಸುತ್ತಿದ್ದರು. ಒಂದು ದಿನವೂ ಒಳಗೆ ಕರೆಯಲಿಲ್ಲ. ಮನೆ ಚಿಕ್ಕದು ಎನ್ನುತ್ತಿದ್ದರು. ನಮ್ಮ ಮಾತೆಲ್ಲ ಹೊಸ್ತಿಲಿನ ಆಚೆ ಅವರು, ಈಚೆ ನಾನು ನಿಂತೇ ಆಗುತ್ತಿತ್ತು.

ಪರೀಕ್ಷೆಯ ವಾರಗಳಲ್ಲಿ ಆ ಡಬ್ಬಿಯನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ತಿನ್ನದ ಅಡುಗೆಗಾಗಿ ನಾನು ಅಡುಗೆ ಮಾಡುತ್ತಾ ಕೂರಬೇಕಲ್ಲ! ಆದರೆ ಜ್ವರ ಬಂದು ನಾಲ್ಕು ದಿನ ಮಲಗಿದ್ದಾಗ ಅವರು ದಿನಕ್ಕೆರಡು ಸಲ ಮೆಟ್ಟಿಲು ಹತ್ತಿ ಬಂದು, ಬಾಗಿಲ ಹೊರಗೆ ಗಂಜಿ ಇಟ್ಟು, ನಿದ್ದೆಗೆ ತೊಂದರೆಯಾಗಬಾರದೆಂದು ಬೆಲ್ ಕೂಡ ಒತ್ತದೆ ಹೋಗಿದ್ದರು. ಆ ಗಂಜಿಯನ್ನೂ ಗೆಳತಿಯೇ ತಿಂದಳು. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಓದು ಮುಗಿದು ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ಹೊರಡುವ ಬೆಳಿಗ್ಗೆ ಸಾಮಾನನ್ನೆಲ್ಲ ವ್ಯಾನಿಗೆ ತುಂಬಿ ನಾನೂ ಹತ್ತಿ ಕೂತ ಮೇಲೆ ಅವರು ಡಬ್ಬಿ ತಂದು, "ದಾರಿಗೆ" ಎಂದು ನನ್ನ ತೊಡೆಯ ಮೇಲಿಟ್ಟರು. ತಿರುಗಿ ಕೊಡಲು ಹೊತ್ತೂ ಇರಲಿಲ್ಲ, ತುಂಬಲು ಅಡುಗೆಮನೆಯೂ ಇರಲಿಲ್ಲ. ಅರ್ಧ ದಾರಿಯಲ್ಲಿ ನಿಲ್ಲಿಸಿದಾಗ ವ್ಯಾನ್ ಓಡಿಸುತ್ತಿದ್ದ ಪಂಜಾಬಿ ಅಂಕಲ್‌ಗೆ ಅದರಲ್ಲಿದ್ದುದನ್ನು ಕೊಟ್ಟೆ. ಅವರು ಬೆರಳು ಚೀಪುತ್ತಾ, "ಬಹುತ್ ಅಚ್ಛಾ, ಬೇಟಿ, ತೂ ನಹೀಂ ಖಾಯೇಗಿ?" ಎಂದರು, ನೀನು ತಿನ್ನುವುದಿಲ್ಲವೇ ಎಂದು. ಹಸಿವಿಲ್ಲ ಎಂದೆ.

ಮೆಲ್ಬರ್ನಿನ ಅಂಚಿನ ವಿಂಡಮ್ ವೇಲ್‌ನಲ್ಲಿ ನನಗೆ ಸಿಕ್ಕಿದ ಮನೆ ಹೊಸದು, ಬೀದಿಯೂ ಹೊಸದು. ಗ್ಯಾರೇಜಿನ ಬಾಗಿಲು ತೆರೆಯುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ. ಪಕ್ಕದ ಮನೆಯವರ ಮುಖ ನೋಡಲು ನನಗೆ ಎರಡು ತಿಂಗಳು ಬೇಕಾಯಿತು. ಹೊಸ ಅಡುಗೆಮನೆಯ ಕಪಾಟಿನಲ್ಲಿ ಎನಾಮಲ್ ಡಬ್ಬಿ ಖಾಲಿ ಕೂತಿತ್ತು. ಅದರಲ್ಲಿ ಬೇರೆ ಏನನ್ನೂ ಇಡಲು ಮನಸ್ಸು ಬರಲಿಲ್ಲ. ಅಂಚೆಯಲ್ಲಿ ಕಳಿಸೋಣವೆಂದರೆ ಖಾಲಿ ಕಳಿಸಬೇಕು. ವೀಡಿಯೊ ಕಾಲಿನಲ್ಲಿ ಅಮ್ಮನಿಗೂ ಅದು ಕಂಡಿತು.

"ಯಾರ್ದವ್ವಾ ಆ ಡಬ್ಬಿ?"

"ಸಿಡ್ನಿ ಆಂಟೀದು."

"ಎಂಟ್ ತಿಂಗ್ಳಾತಲ್ಲ ನೀ ಬಂದು! ಮಂದಿ ಡಬ್ಬಿ ಇಟ್ಕಂಡು ಕುಂತೀಯಲ್ಲ, ನಾಚ್ಕಿ ಆಗಂಗಿಲ್ಲಾ ನಿಂಗೆ?"

ಆವತ್ತು ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ, ಮೀನಿನ ನೀರಿನ ಸಮೇತ. ಬೈಯುತ್ತಾಳೆ ಎಂದು ಕಾದಿದ್ದೆ. ಅವಳು, "ತಿಂದದ್ದು ಗೊತ್ತಿಲ್ದೆ ತಿಂದಿ, ಅದು ಹೋಗ್ಲಿ. ಎರಡು ವರ್ಷ ಆ ಯಮ್ಮನ ಕೈಲಿ ಸುಮ್ನೆ ದುಡಿಸ್ಕಂಡ್ಯಲ್ಲ, ಅದನ್ನ ಹೋಗಿ ಹೇಳು" ಎಂದಳು.

ಶೇಂಗಾ ಹೋಳಿಗೆ ಮಾಡಿ, ಡಬ್ಬಿ ತುಂಬಿ, ಒಂದು ಶನಿವಾರ ವಿಮಾನ ಹತ್ತಿದೆ. ಬರುತ್ತೇನೆಂದು ಮೊದಲೇ ಫೋನ್ ಮಾಡಿದ್ದೆ. ದಾರಿಯುದ್ದಕ್ಕೂ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಉರುಹೊಡೆದೆ: ನಾನು ನಿಮಗೆ ಸುಳ್ಳು ಹೇಳಿದೆ, ನಾನು ನಿಮ್ಮ ಅಡುಗೆ ತಿನ್ನಲಿಲ್ಲ, ಬೇರೆಯವರಿಗೆ ಕೊಟ್ಟೆ, ಕ್ಷಮಿಸಿ. ಇದನ್ನು ಕೇಳಿದ ಮೇಲೆ ಅವರು ಒಮ್ಮೆ ತಲೆಬಾಗಿ ಬಾಗಿಲು ಮುಚ್ಚಿಕೊಳ್ಳುತ್ತಾರೆ ಎಂದೇ ನನಗನಿಸಿತ್ತು. ರೈಲಿನಿಂದ ಇಳಿದು ಹ್ಯಾರಿಸ್ ಪಾರ್ಕಿನ ಸಿಹಿ ಅಂಗಡಿಗಳ ಮುಂದೆ ನಡೆಯುವಾಗಲೂ ಆ ನಾಲ್ಕು ಸಾಲನ್ನೇ ಗೊಣಗಿಕೊಂಡೆ.

ಅವರು ಬಾಗಿಲು ತೆಗೆದು ಡಬ್ಬಿ ತೆಗೆದುಕೊಂಡರು. ನಾನು ಬಾಯಿ ತೆರೆಯುವ ಮೊದಲೇ, "ಒಳಗೆ ಬಾ. ದೂರದಿಂದ ಬಂದಿದ್ದೀಯ" ಎಂದರು. ಎರಡೂವರೆ ವರ್ಷಕ್ಕೂ ಹೆಚ್ಚಿನ ಪರಿಚಯದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದೆ. ನಿಜವಾಗಿಯೂ ಚಿಕ್ಕ ಮನೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೊಣಕೈ ತಾಗುತ್ತಿತ್ತು. ಒಲೆಯ ಮೇಲೆ ಒಂದು ಪಾತ್ರೆ ಸಣ್ಣಗೆ ಕುದಿಯುತ್ತಿತ್ತು. ಅದರ ಹಿಡಿಗೆ ಬಿಳಿ ಟೇಪು ಸುತ್ತಿ ಜಪಾನಿಯಲ್ಲಿ ಏನೋ ಬರೆದಿತ್ತು. ಪಕ್ಕದಲ್ಲಿದ್ದ ಸೌಟಿಗೂ ಅದೇ ಟೇಪು, ಅದೇ ಬರಹ.

"ಏನದು ಬರೆದಿರುವುದು?"

"ಮೇಲಿನ ಮನೆ" ಎಂದರು. "ಇದು ನಿನ್ನ ಪಾತ್ರೆ. ಇದರಲ್ಲಿ ಮೀನು ಇಲ್ಲ. ಯಾವತ್ತೂ ಹಾಕಿಲ್ಲ. ಸಮುದ್ರದ ಎಲೆ, ಅಣಬೆ, ಅಷ್ಟೇ."

ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅವರು ಒಲೆಯ ಕಡೆ ನೋಡುತ್ತಲೇ ಹೇಳಿದರು. ಮೊದಲ ಎರಡು ಸಲ ತಿಳಿಯದೆ ಮೀನಿನ ನೀರಿನಲ್ಲೇ ಮಾಡಿದ್ದರಂತೆ. ಆಮೇಲೆ ನನಗೆ ಇಷ್ಟವಾಗುವುದು ಏನಾದರೂ ಕೊಡೋಣವೆಂದು ಸಿಹಿ ಅಂಗಡಿಗೆ ಹೋಗಿ ವಿಚಾರಿಸಿದಾಗ, ಮೊಟ್ಟೆ ಹಾಕದ್ದೇ ಬೇಕೆಂದು ನಾನು ಕೇಳಿದ್ದು ನೆನಪಿದ್ದ ಅಲ್ಲಿಯ ಹೆಂಗಸು, ಆ ಹುಡುಗಿ ಶುದ್ಧ ಸಸ್ಯಾಹಾರಿ, ಮೀನು ಬೆಂದ ಪಾತ್ರೆಯಲ್ಲಿ ಬೇಯಿಸಿದ್ದನ್ನೂ ಮುಟ್ಟುವುದಿಲ್ಲ ಎಂದಳಂತೆ. ಅದೇ ದಿನ ಪ್ಯಾರಮಟ್ಟಾ ಪೇಟೆಗೆ ಹೋಗಿ ಹೊಸ ಪಾತ್ರೆ, ಹೊಸ ಸೌಟು ತಂದರಂತೆ. "ನಿನಗೆ ಹೇಳಬೇಕಿತ್ತು. ತುಂಬಾ ನಾಚಿಕೆಯಾಯಿತು. ಹೇಳಲಿಲ್ಲ. ಕ್ಷಮಿಸು" ಎಂದು ಆ ಇಕ್ಕಟ್ಟಿನಲ್ಲೇ ನನಗೆ ತಲೆಬಾಗಿದರು.

ನಾನು ತಿನ್ನುವುದನ್ನು ನಿಲ್ಲಿಸಿದ ವಾರವೇ ಅವರು ಮೀನು ಹಾಕುವುದನ್ನು ನಿಲ್ಲಿಸಿದ್ದರು. ಎರಡು ವರ್ಷ ನನಗೆಂದೇ ಬೇರೆ ಪಾತ್ರೆಯಲ್ಲಿ ಬೆಂದದ್ದು ಒಂದು ತುತ್ತೂ ನನ್ನ ಬಾಯಿಗೆ ಬಿದ್ದಿರಲಿಲ್ಲ. ಉರುಹೊಡೆದಿದ್ದ ನಾಲ್ಕು ಸಾಲುಗಳಲ್ಲಿ ಒಂದೂ ನೆನಪಾಗಲಿಲ್ಲ. ಅವರು ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಬಟ್ಟಲಿಗೆ ಬಿಸಿ ಮೂಲಂಗಿ ಬಡಿಸಿ, ಎದುರಿಗೆ ಕೂತರು. ನಾನು ತಿಂದೆ. ಮೂಲಂಗಿ ನಾಲಿಗೆಯ ಮೇಲೇ ಕರಗಿತು. ಎರಡನೆಯ ತುಂಡು ತಿಂದೆ, ಬಟ್ಟಲೆತ್ತಿ ಅದು ಬೆಂದ ನೀರನ್ನೂ ಕುಡಿದೆ.

"ಹೇಗಿದೆ?"

ಕಣ್ಣು ಒರೆಸಿಕೊಂಡು, "ಸ್ವಲ್ಪ ಉಪ್ಪು ಕಡಿಮೆ" ಎಂದೆ.

ಅವರು ಕೈ ತಟ್ಟಿ ನಕ್ಕುಬಿಟ್ಟರು. ಅಷ್ಟು ಗಟ್ಟಿಯಾಗಿ ಅವರು ನಕ್ಕಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಎದ್ದು ಉಪ್ಪಿನ ಬಟ್ಟಲು ತಂದು ನನ್ನ ಮುಂದಿಟ್ಟು, "ಇವತ್ತು ನೀನು ತಿಂದೆ" ಎಂದರು. "ತಿಂದವರು ಹೀಗೆ ಏನಾದರೂ ಹೇಳುತ್ತಾರೆ. ನೀನು ಯಾವಾಗಲೂ ತುಂಬಾ ಚೆನ್ನಾಗಿತ್ತು, ತುಂಬಾ ಚೆನ್ನಾಗಿತ್ತು. ನನಗೆ ಗೊತ್ತಿತ್ತು."

"ಗೊತ್ತಿದ್ದೂ ಯಾಕೆ ಮಾಡುತ್ತಿದ್ದಿರಿ, ಎರಡು ವರ್ಷ?"

ಇದೇನು ಪ್ರಶ್ನೆ ಎನ್ನುವಂತೆ ಅವರು ನನ್ನನ್ನು ನೋಡಿದರು.

"ಒಂದಲ್ಲ ಒಂದು ದಿನ ಹಸಿದಿರುತ್ತೀಯ" ಎಂದರು. "ಆ ದಿನ ಡಬ್ಬಿ ಇರಬೇಕಲ್ಲ."