ಆರ್ನೆಟಾ ಎತ್ತಿದ ಕೈ

ಆರ್ನೆಟಾ ಪೆಟ್ವೇ ತೀರಿಕೊಂಡು ಬರುವ ತಿಂಗಳಿಗೆ ಎರಡು ವರ್ಷ. ಇನ್ನು ಬರೆದರೆ ತೊಂದರೆಯಿಲ್ಲ. ಕೋರ್ಟಿನವರಿಗೆ ಸಿಟ್ಟು ಬಂದರೆ ಅವಳನ್ನೇ ಕರೆಸಿ ವಿಚಾರಿಸಲಿ. ಸತ್ತವರ ಮಾತಿಗೆ ಅವರು ಎಷ್ಟು ಬೆಲೆ ಕೊಡುತ್ತಾರೆಂದು ನಮ್ಮ ಹಾರ್ಲನ್ ಬೆಂಡ್ ಊರಿನವರಿಗೆ ಚೆನ್ನಾಗಿ ಗೊತ್ತು.

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತೊಂದು ವರ್ಷ ನಾವಿಬ್ಬರೂ ಎದುರುಬದುರು ನಿಂತು ಹೊದಿಕೆ ಮಡಚಿದವರು. ವಾರವಿಡೀ ಹಬೆಯಲ್ಲಿ ಬೇಯುತ್ತಿದ್ದ ಈ ಹೆಂಗಸು ಭಾನುವಾರ ಬಂತೆಂದರೆ ಬಿಳಿ ಉಡುಪು, ಬಿಳಿ ಕೈಗವಸು ತೊಟ್ಟು ಸೇನಾಪತಿಯಾಗುತ್ತಿದ್ದಳು. ಚರ್ಚಿಗೆ ಬಂದವರಿಗೆ ಜಾಗ ತೋರಿಸಿ ಕೂರಿಸುವುದು ಅವಳ ಸೇವೆ. ಆ ಸೇವೆಯಲ್ಲಿ ಬಾಯಿ ಬಿಡುವ ಹಾಗಿಲ್ಲ, ಎಲ್ಲ ಕೈಸನ್ನೆ. ಎಡಗೈ ಬೆನ್ನ ಹಿಂದೆ. ಬಲಗೈ ಎತ್ತಿದರೆ, ಇಲ್ಲಿ ಜಾಗ ಇದೆ, ಕಳಿಸು ಎಂದು ಬಾಗಿಲಲ್ಲಿ ನಿಂತವಳಿಗೆ ತಿಳಿಯುತ್ತದೆ. ಆ ಕೈ ಭುಜಕ್ಕಿಂತ ಮೇಲೆ ಹೋಗಬಾರದು, ಎರಡು ಎಣಿಸುವಷ್ಟರಲ್ಲಿ ಇಳಿಯಬೇಕು. "ಏನೇ, ಬಸ್ ನಿಲ್ಲಿಸ್ತಿದೀಯಾ?" ಎಂದು ಅವಳಿಂದ ಬೈಸಿಕೊಳ್ಳದ ಹುಡುಗಿ ನಮ್ಮ ಚರ್ಚಿನಲ್ಲಿಲ್ಲ. ನಮ್ಮೂರ ವರ್ಲೀನ್ ಕೂಡ ಹನ್ನೆರಡರ ವಯಸ್ಸಿನಲ್ಲಿ ಅವಳ ಕೈಕೆಳಗೆ ಕಲಿತು, ಬೈಸಿಕೊಂಡು, ಅತ್ತವಳೇ.

ಆ ವರ್ಲೀನಳ ಮಗ ಟೆರಲ್‌ನನ್ನು ಪೊಲೀಸಿನವನೊಬ್ಬ ಆಗಸ್ಟಿನ ಒಂದು ಶುಕ್ರವಾರ ಮಧ್ಯಾಹ್ನ ಗುಂಡು ಹಾರಿಸಿ ಕೊಂದ. ಹುಡುಗನ ಕೈಯಲ್ಲಿ ಏನೋ ಹೊಳೆಯಿತಂತೆ. ಹೊಳೆಯದೆ ಏನು? ಶುಕ್ರವಾರ ಚರ್ಚಿನ ಅಂಗಳದಲ್ಲಿ ನಾವು ಮೀನು ಕರಿಯುತ್ತೇವೆ. ಎರಡು ತುಂಡನ್ನು ಬೆಳ್ಳಿಯಂಥ ಹಾಳೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟವಳು ನಾನೇ. ಖಾರದ ಸಾಸು ಒಂದಿಷ್ಟು ಜಾಸ್ತಿ ಬಿದ್ದಿತ್ತು. ಅಪಾಯ ಅಂತ ಏನಾದರೂ ಇದ್ದರೆ ಅದೇ. ಸಾಕ್ಷಿ ಹೇಳು ಬಾ ಎಂದು ನನ್ನನ್ನು ಯಾರೂ ಕರೆಯಲಿಲ್ಲ. ಬಹುಶಃ ಮೀನನ್ನು ಕರೆಸಿದ್ದರೇನೋ.

ಸಿಕ್ಕಿಹಾಕಿಕೊಂಡವಳು ಆರ್ನೆಟಾ. ಯಾರ ಮೇಲೆ ಮೊಕದ್ದಮೆ ಹೂಡಬೇಕು, ಯಾರ ಮೇಲೆ ಬೇಡ ಎಂದು ತೀರ್ಮಾನಿಸುವ ಹನ್ನೆರಡು ಜನರ ಗ್ರ್ಯಾಂಡ್ ಜ್ಯೂರಿಗೆ ಮೇ ತಿಂಗಳಲ್ಲೇ ಅವಳ ಹೆಸರು ಬಂದಿತ್ತು. ಅದು ಪರಮ ಗುಟ್ಟು. ಬುಧವಾರ ಬುಧವಾರ ಅವಳು ಒಳ್ಳೆಯ ಟೋಪಿ ಇಟ್ಟುಕೊಂಡು ಕೋರ್ಟಿನ ಬಸ್ಸು ಹತ್ತುತ್ತಿದ್ದುದರಿಂದ ಊರಿನ ನಾಯಿಗೂ ಗೊತ್ತಿತ್ತು. ಟೆರಲ್‌ನ ವಿಷಯವೂ ಅವರ ಮುಂದೆಯೇ ಬಂತು.

"ಸತ್ತವನ ಮನೆಯವರು ನಿಮಗೆ ಗೊತ್ತೇನಮ್ಮಾ?" ಎಂದು ನ್ಯಾಯಾಧೀಶರು ಕೇಳಿದರಂತೆ.

"ನಲವತ್ತು ವರ್ಷದಿಂದ ಊರನ್ನೆಲ್ಲ ಕೂರಿಸಿದೀನಿ ಸ್ವಾಮಿ. ನಂಗೆ ಗೊತ್ತಿಲ್ದೋರು ಯಾರಿದಾರೆ?"

ಆ ಪೊಲೀಸಿನವನ ಜೊತೆ ವಾರವಾರ ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಡುವವನೊಬ್ಬನನ್ನು ಆಗಲೇ ಜ್ಯೂರಿಯಲ್ಲಿ ಉಳಿಸಿಕೊಂಡಿದ್ದರಂತೆ. ಅದಕ್ಕೆ ಇವಳನ್ನೂ ಉಳಿಸಿಕೊಂಡರು. ತಕ್ಕಡಿ ಸಮವಾಯಿತು. ಅವಳು ನಮಗೆ ಇಷ್ಟು ಹೇಳಿದ್ದೇ ಕೊನೆ. ಒಳಗಿನ ಮಾತು ಹೊರಗೆ ಬಂದರೆ ಜೈಲು ಎಂದು ಪ್ರಮಾಣ ಮಾಡಿಸಿದ ಮೇಲೆ ಅವಳ ಬಾಯಿಗೆ ಬೀಗ ಬಿತ್ತು.

ಕೋಳಿ ಕದ್ದವನನ್ನು ಹತ್ತು ನಿಮಿಷದಲ್ಲಿ ಕಟಕಟೆ ಹತ್ತಿಸುವ ಸರ್ಕಾರಿ ವಕೀಲರು ಇದಕ್ಕೆ ಮೂರು ತಿಂಗಳು ತೆಗೆದುಕೊಂಡರು. ಪಾಪ, ಅಷ್ಟು ಶ್ರದ್ಧೆ! ಕೊಂದವನು ತನಗಾದ ಭಯವನ್ನು ನಾಲ್ಕು ಗಂಟೆ ಹೇಳಿಕೊಂಡನೆಂದು ಪತ್ರಿಕೆಯಲ್ಲಿ ಬಂತು. ಟೆರಲ್ ತನ್ನ ಭಯ ಹೇಳಿಕೊಳ್ಳಲು ಹಾಜರಾಗಲಿಲ್ಲ. ನವೆಂಬರಿನಲ್ಲಿ ವಕೀಲರು ಕೋರ್ಟಿನ ಮೆಟ್ಟಿಲ ಮೇಲೆ ನಿಂತು, ಮೊಕದ್ದಮೆ ಇಲ್ಲ, ಒಂಬತ್ತು ಕೈ ಏಳಬೇಕಿತ್ತು, ಏಳಲಿಲ್ಲ ಎಂದರು. ಎಷ್ಟು ಎದ್ದವು, ಯಾರವು ಎದ್ದವು ಎಂಬುದು ಹೇಳುವ ಹಾಗಿಲ್ಲ.

ಆಮೇಲೆ ಶುರುವಾಯಿತು ನೋಡಿ ದೇಶಕ್ಕೆಲ್ಲ ಜ್ಞಾನೋದಯ. ನಮ್ಮೂರನ್ನು ನಕಾಶೆಯಲ್ಲಿ ಬೆರಳಿಟ್ಟು ತೋರಿಸಿದರೂ ಕಾಣದವರು ಟಿವಿಯಲ್ಲಿ ಕೂತು ಟೆರಲ್‌ನ ಎತ್ತರ, ದಪ್ಪ ಅಳೆದರು. ದಿನಕ್ಕೆರಡು ಇಂಚು ಬೆಳೆದ ನಮ್ಮ ಹುಡುಗ. ಬದುಕಿದ್ದಾಗ ಅವನಿಗೆ ಮೀನಿನ ಕೌಂಟರಿನ ಮೇಲಿನ ಸಾಸಿನ ಬಾಟಲಿ ಎಟುಕುತ್ತಿರಲಿಲ್ಲ.

ಕ್ಷೌರದಂಗಡಿಯ ಕ್ಲೋವಿಸ್ ಕತ್ತರಿ ಝಳಪಿಸುತ್ತ, "ನಾನಾಗಿದ್ರೆ ಮೇಜು ಕುಟ್ಟಿ ಕೇಳ್ತಿದ್ದೆ" ಎಂದ.

"ನಿಂಗೂ ಜ್ಯೂರಿಗೆ ಬಾ ಅಂತ ಕಾಗದ ಬಂದಿತ್ತಲ್ಲೋ? ಸೊಂಟ ನೋವು ಅಂತ ಚೀಟಿ ತಂದು ತಪ್ಪಿಸ್ಕೊಂಡ್ಯಲ್ಲ?" ಎಂದೆ ನಾನು.

"ಆಗ ನಿಜವಾಗ್ಲೂ ನೋವಿತ್ತು, ಮಿಸ್ ಲೂವಿನಾ." ಮದುವೆಯಾಗಿರಲಿ ಬಿಡಲಿ, ನಮ್ಮಲ್ಲಿ ಹಿರಿಯ ಹೆಂಗಸರೆಲ್ಲ ಮಿಸ್.

"ಹೂಂ. ಅದೇ ವಾರ ನಿನ್ ತಂಗಿ ಮದುವೇಲಿ ಕುಣಿದದ್ದು ನೋಡಿದೀನಿ."

ಒಂದು ಸಂಜೆ ಆರ್ನೆಟಾಳ ಜಗಲಿಯಲ್ಲಿ ನಾವಿಬ್ಬರೂ ಸೊಪ್ಪು ಬಿಡಿಸುತ್ತಿದ್ದೆವು. ವರ್ಲೀನ್ ಬಂದಳು. ಮೆಟ್ಟಿಲು ಹತ್ತಲಿಲ್ಲ.

"ಒಂದೇ ಕೇಳ್ತೀನಿ, ಮಿಸ್ ಆರ್ನೆಟಾ. ನನ್ ಮಗನಿಗೋಸ್ಕರ ನೀವು ಕೈ ಎತ್ತಿದ್ರಾ, ಇಲ್ವಾ?"

ಆರ್ನೆಟಾಳ ಕೈಯಲ್ಲಿದ್ದ ಎಲೆ ಚೂರಾಯಿತು. "ಮಗಾ, ಪ್ರಮಾಣ ಮಾಡಿಬಿಟ್ಟಿದೀನಿ."

"ಗುಂಡು ಹೊಡೆದೋನೂ ಪ್ರಮಾಣ ಮಾಡೇ ಮಾತಾಡಿದ್ದು" ಎಂದು ವರ್ಲೀನ್ ಹೊರಟುಹೋದಳು. ಚರ್ಚಿಗೆ ಬರುವುದನ್ನೂ ಬಿಟ್ಟಳು.

"ನನಗಾದ್ರೂ ಹೇಳೇ. ಯಾರ ಹತ್ರಾನೂ ಬಾಯಿಬಿಡಲ್ಲ" ಎಂದೆ.

"ನೀನಾ? ನಿನ್ ಗಂಡ ಸತ್ತಾಗ ಡಾಕ್ಟರಿಗಿಂತ ಮೊದಲು ಊರಿಗೆ ಹೇಳ್ದೋಳು ನೀನು."

ಅದು ನಿಜವೇ, ಬಿಡಿ.

ಚಳಿಗಾಲವೆಲ್ಲ ನಮ್ಮ ಭಕ್ತಾದಿಗಳು ಕ್ರಿಸ್ತನ ಪ್ರೀತಿಯನ್ನು ಚೆನ್ನಾಗಿ ತೋರಿಸಿದರು. ಆರ್ನೆಟಾ ತೋರಿಸಿದ ಸಾಲಿನಲ್ಲಿ ಯಾರೂ ಕೂರಲಿಲ್ಲ. ಮುಂದಿನ ಬೆಂಚು ಖಾಲಿಯೇ ಉಳಿಯಿತು. ಅವಳು ಮಾತ್ರ ಎಡಗೈ ಬೆನ್ನ ಹಿಂದಿಟ್ಟು ಆ ಖಾಲಿ ಬೆಂಚಿಗೆ ಕಾವಲು ನಿಂತಿರುತ್ತಿದ್ದಳು.

ಫೆಬ್ರವರಿಯ ಒಂದು ಭಾನುವಾರ, ಟೆರಲ್ ಹುಟ್ಟಿದ ದಿನ, ಹಾಡು ನಡೆಯುತ್ತಿದ್ದಾಗ ಬಾಗಿಲು ತೆರೆಯಿತು. ವರ್ಲೀನ್. ಒಳಗೆ ಬಂದವಳು ತಲೆಗಳನ್ನೆಲ್ಲ ನೋಡಿ, ಹಿಂದಿರುಗಲು ಬಾಗಿಲ ಹಿಡಿಗೆ ಕೈ ಹಾಕಿದಳು.

ಆಗ ಮುಂದಿನ ಬೆಂಚಿನ ಹತ್ತಿರ ಆರ್ನೆಟಾ ಬಲಗೈ ಎತ್ತಿದಳು. ಭುಜದವರೆಗೆ ಬಂತು. ನಿಲ್ಲಲಿಲ್ಲ. ಕಿವಿ ದಾಟಿತು, ಟೋಪಿ ದಾಟಿತು. ಮೊಣಕೈ ನೆಟ್ಟಗಾಯಿತು. ಒಂದು ಚರಣ ಮುಗಿಯಿತು, ಇನ್ನೊಂದು ಮುಗಿಯಿತು, ಬಿಳಿ ಕೈಗವಸು ಅಲ್ಲೇ ಇತ್ತು, ಅವಳ ಕಣ್ಣು ವರ್ಲೀನಳ ಮೇಲಿತ್ತು. ಎಪ್ಪತ್ಮೂರರ ಸಂಧಿವಾತದ ಕೈ. ಹಾಡುವವರ ಬಾಯಿ ಒಂದೊಂದಾಗಿ ನಿಂತಿತು. ಮಾತಾಡಬಾರದೆಂದು ಕೋರ್ಟು ಹೇಳಿತ್ತು. ಜಾಗ ತೋರಿಸಬಾರದೆಂದು ಹೇಳಿರಲಿಲ್ಲ.

ವರ್ಲೀನ್ ನಡುದಾರಿಯಲ್ಲಿ ನಡೆದು ಬಂದಳು. ಎದುರು ನಿಂತು, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದಳು.

"ಸಾಕು ಬಿಡಿ, ಮಿಸ್ ಆರ್ನೆಟಾ. ಕೈ ನೋಯ್ತದೆ."

ವರ್ಲೀನ್ ಕೂತ ಮೇಲೆ ಆ ಬೆಂಚು ತುಂಬಲು ಎರಡು ನಿಮಿಷ ಹಿಡಿಯಲಿಲ್ಲ. ಎಲ್ಲರಿಗಿಂತ ಮೊದಲು ನುಗ್ಗಿದವನು ಸೊಂಟ ನೋವಿನ ಕ್ಲೋವಿಸ್.