ಮೂಲೆ ಹಿಡಿದ ಹಳದಿ ಮೀನು

ನಮ್ಮ ಮನೆಗೆ ಮೀನು ಬಂದದ್ದು ಮೀನಿನ ಮೇಲಿನ ಪ್ರೀತಿಯಿಂದ ಅಲ್ಲ. ಇಚಲಕರಂಜಿಯಲ್ಲಿ ಹೊಸ ಫ್ಲ್ಯಾಟ್ ಹಿಡಿದಾಗ, ನನ್ನ ಗಂಡನ ಜೊತೆ ನೂಲಿನ ವ್ಯಾಪಾರ ಮಾಡುವವರೊಬ್ಬರು ವಾಸ್ತುಶಾಂತಿಗೆ ನಾಲ್ಕು ಫೂಟಿನ ಗಾಜಿನ ತೊಟ್ಟಿಯೊಂದನ್ನು ಉಡುಗೊರೆ ಕೊಟ್ಟರು. ಈಶಾನ್ಯದಲ್ಲಿ ನೀರಿದ್ದರೆ ಶುಭ ಎಂದು ಅದನ್ನು ಹಾಲಿನ ಆ ಮಗ್ಗುಲಿಗೆ ಇಟ್ಟದ್ದಾಯಿತು. ಕೆಲವು ವಾರ ಅದರೊಳಗೆ ಹೆಲ್ಮೆಟ್ಟು, ಛತ್ರಿ, ಹಳೆಯ ಪೇಪರು ವಾಸ ಮಾಡಿದವು. ಕೊಟ್ಟವರು ಮನೆಗೆ ಬರುತ್ತಾರೆಂಬ ಸುದ್ದಿ ಬಂದಾಗ ಮಾತ್ರ, ಅದರಲ್ಲಿ ಮೀನು ಇರಬೇಕಿತ್ತೆಂದು ಎಲ್ಲರಿಗೂ ನೆನಪಾಯಿತು.

ಅತ್ತೆ ಒಪ್ಪಲಿಲ್ಲ. ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮೊದಲು ಊಟ ಮುಗಿಯಬೇಕು, ಬಟಾಟೆ ಹೊಸ್ತಿಲು ದಾಟುವಂತಿಲ್ಲ. ಕುಡಿಯುವ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಅಂಟಿದ್ದನ್ನೂ ಮೆಲ್ಲಗೆ ನೀರಿಗೇ ತಿರುಗಿ ಬಿಡುವ ಹೆಂಗಸು ಅವರು. ಜೀವ ಇರುವುದನ್ನು ಗಾಜಿನಲ್ಲಿ ಕೂಡಿಹಾಕಿ ನೋಡುವುದು ಎಂಥ ಚಂದ ಎಂದು ಕೇಳಿದರು. ಅವರ ಮಗ, ಅಂದರೆ ನನ್ನ ಗಂಡ, ಹಟ ಬಿಡಲಿಲ್ಲ. ಕೊನೆಗೆ ಅತ್ತೆ ಸೋತರು, ಆದರೆ ಷರತ್ತು ಹಾಕಿ ಸೋತರು. ಈ ಮನೆಯಲ್ಲಿ ಒಂದು ಜೀವ ಇನ್ನೊಂದು ಜೀವವನ್ನು ತಿನ್ನಬಾರದು, ಮೀನಿಗೆ ಹುಳ ಹಾಕಬಾರದು. ಅಂಥ ಸಾಧು ಮೀನು ಹುಡುಕಿ ತರುವ ಕೆಲಸ, ಬಿಎಸ್ಸಿ ಓದಿದ್ದೇನೆಂಬ ಒಂದೇ ತಪ್ಪಿಗೆ, ನನ್ನ ಕುತ್ತಿಗೆಗೆ ಬಿತ್ತು.

ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಫ್ಲ್ಯಾಟಿಗೆ ಬಂದ ಮೇಲೆ ಒಬ್ಬಳೇ ಹೊರಬಿದ್ದದ್ದು ಅದೇ ಮೊದಲು. ಹಾತಕಣಂಗಲೆ ದಾಟುವವರೆಗೂ ಬಸ್ಸಿನ ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತಿದ್ದೆ.

ಕೊಲ್ಹಾಪುರದ ಅಂಗಡಿಯಲ್ಲಿ ನನ್ನ ಕಣ್ಣು ನಿಂತದ್ದು ಒಂದೇ ತೊಟ್ಟಿಯ ಮೇಲೆ. ನೀಲಿ, ಹಳದಿ, ಕೇಸರಿ, ಬಿಳಿ ಮೀನುಗಳು ಸಂತೆಯ ಜನದ ಹಾಗೆ ಒಂದನ್ನೊಂದು ಒತ್ತಿಕೊಂಡು ಓಡಾಡುತ್ತಿದ್ದವು, ಒಂದಕ್ಕೂ ಗಾಯವಿರಲಿಲ್ಲ. ಆಫ್ರಿಕಾದ ಕೆರೆಯ ಸಿಕ್ಲಿಡ್ ಮೀನು ಅಂತ ಅಂಗಡಿಯವನು ಮರಾಠಿಯಲ್ಲಿ ಹೇಳಿದ. ನಡುವೆ ಬಂದ ಫೋನಿನಲ್ಲಿ ನಾನು ಕನ್ನಡ ಮಾತಾಡಿದ್ದು ಕೇಳಿ ಅವನೂ ಕನ್ನಡಕ್ಕೆ ಹೊರಳಿದ. ಇವು ಕಲ್ಲಿನ ಮೇಲಿನ ಪಾಚಿ ಕೆರೆದು ತಿನ್ನುವ ಜಾತಿಯಂತೆ, ಪಾಚಿಯಿಂದಲೇ ಮಾಡಿದ ಹಸಿರು ಕಾಳು ಹಾಕಿದರೆ ಸಾಕಂತೆ. ನಮ್ಮ ಪಾತ್ರೆಗಳಿಗೆಲ್ಲ ಬಿಳಿ ಬಳಿಯುವ ಬೋರಿನ ಗಡಸು ನೀರೇ ಇವಕ್ಕೆ ಇಷ್ಟವಂತೆ. ಅತ್ತೆಗೆ ಮನಸ್ಸಿದ್ದದ್ದು ಗೋಲ್ಡ್‌ಫಿಶ್ ಮೇಲೆ. ಅದನ್ನು ಇವುಗಳ ಜೊತೆ ಬಿಟ್ಟರೆ ನಾಳೆಗೆ ಅದರ ಬಾಲ ಉಳಿಯುವುದಿಲ್ಲ, ಏಂಜಲ್ ಮೀನಿನದೂ ಅದೇ ಗತಿ, ಒಂದೇ ಕೆರೆಯವು, ಒಂದೇ ಅಳತೆಯವು ಕೂಡಿರಬೇಕು ಎಂದ. ಅವನ ಕೊನೆಯ ಮಾತು ಮಾತ್ರ ನನಗೆ ವ್ಯಾಪಾರದ ಮಾತಾಗಿ ಕೇಳಿಸಿತು.

"ನಾಕ ಒಯ್ಯಬ್ಯಾಡ್ರಿ ವೈನಿ. ಒಯ್ಯೂದಿದ್ರ ಹದಿನೈದು ಒಯ್ರಿ, ಇಲ್ಲಂದ್ರ ಒಂದೂ ಬ್ಯಾಡ."

ಮನೆಗೆ ಫೋನು ಹಚ್ಚಿದೆ. ಗಂಡ ನಕ್ಕರು, ಹದಿನೈದು ಮಾರುವವನು ನಾಲ್ಕು ಸಾಕು ಅನ್ನುತ್ತಾನೆಯೇ ಎಂದರು. ಅತ್ತೆಗೆ ಕೇಳಿದ್ದು ಒಂದೇ, ಪಾಚಿ ತಿನ್ನುವ ಮೀನು ಎಂಬುದು. ಪಾಚಿ ತಿನ್ನುವಂಥವು ಜಗಳ ಯಾಕೆ ಮಾಡಾವು, ಹೇಗೂ ಸೆರೆಯಲ್ಲಿ ಇಡುತ್ತೇವೆ, ಇದ್ದಷ್ಟು ದಿನ ಕೈಕಾಲು ಚಾಚಿ ಆರಾಮಾಗಿ ಇರಲಿ, ನಾಲ್ಕೇ ತಾ ಎಂದರು. ಮೀನಿಗೆ ಕೈಕಾಲು ಎಲ್ಲಿಯದು ಎಂದು ನಾನು ಕೇಳಲಿಲ್ಲ. ಸಸ್ಯ ತಿನ್ನುವವರು ಯಾರನ್ನೂ ಕಚ್ಚುವುದಿಲ್ಲ ಎಂದು ನಾನೂ ನಂಬಿದೆ. ನಮ್ಮ ಮನೆಯಲ್ಲೇ ಊಟ ಮಾಡಿಕೊಂಡು ಅದನ್ನು ಹೇಗೆ ನಂಬಿದೆನೋ, ಆ ಭಗವಂತನಿಗೇ ಗೊತ್ತು.

ಮೊದಲ ವಾರ ಎಲ್ಲ ಚೆನ್ನಾಗಿತ್ತು. ಉಡುಗೊರೆ ಕೊಟ್ಟವರು ಬಂದು, ನೋಡಿ, ಹೊಗಳಿ, ಮಸಾಲೆ ಹಾಲು ಕುಡಿದು ಹೋದರು. ಆಮೇಲೆ ನೀಲಿಯದು ನಡುವಿನ ಕಲ್ಲಿನ ಗುಡ್ಡೆಯನ್ನು ತನ್ನದು ಮಾಡಿಕೊಂಡಿತು. ಅಷ್ಟಕ್ಕೆ ತೃಪ್ತಿಯಾಗದೆ ಇಡೀ ತೊಟ್ಟಿ ತನ್ನದೆಂದಿತು. ಕೇಸರಿಯದನ್ನೂ ಬಿಳಿಯದನ್ನೂ ಒಂದು ಸುತ್ತು ಅಟ್ಟಿ ಬಿಡುತ್ತಿತ್ತು. ಹಳದಿಯದರ ಬೆನ್ನು ಮಾತ್ರ ಬಿಡಲಿಲ್ಲ. ಹಳದಿ ಮೀನು ಮೇಲಿನ ಮೂಲೆಯಲ್ಲಿ, ಫಿಲ್ಟರಿನ ಪೈಪಿನ ಹಿಂದೆ, ಮೂತಿ ಮೇಲೆ ಮಾಡಿ ನಿಲ್ಲಲು ಶುರುಮಾಡಿತು. ಅದರ ರೆಕ್ಕೆ ಹರಿದು ಎಳೆ ಎಳೆಯಾಗಿತ್ತು.

ಅತ್ತೆ ಅದನ್ನು ನೋಡಿ ಸಕ್ಕರೆ ತಿನ್ನುವುದನ್ನೇ ಬಿಟ್ಟರು. ಪಾಪ ತನ್ನ ಮನೆಯಲ್ಲಿ ನಡೆಯುತ್ತಿದೆ, ಪ್ರಾಯಶ್ಚಿತ್ತ ತಾನೇ ಮಾಡಬೇಕು ಎಂಬುದು ಅವರ ಲೆಕ್ಕ. ಹಳದಿಯದನ್ನು ಹೊರಗೆ ತೆಗೆಯೆಂದರು. ನಾನು ಅದನ್ನು ಬಕೀಟಿಗೆ ಬಿಟ್ಟೆ. ಮರುದಿನ ನೋಡಿದರೆ ಅದೇ ಮೂಲೆಯಲ್ಲಿ ಕೇಸರಿಯದು ನಿಂತಿತ್ತು. ಬಕೀಟಿನಲ್ಲಿ ಎಷ್ಟು ದಿನ ಇಡಲಾದೀತು? ಹಳದಿಯದನ್ನು ಮತ್ತೆ ಬಿಟ್ಟೆ, ಕೇಸರಿಯದಕ್ಕೆ ಬಿಡುಗಡೆಯಾಯಿತು. ಅಂಗಡಿಯವನಿಗೆ ಫೋನು ಮಾಡಿದೆ.

"ನಾ ಏನ್ ಹೇಳಿದ್ದೆ ವೈನಿ? ಅದು ಕಚ್ಚೂ ಜಾತಿ, ಕಚ್ಚೇ ಕಚ್ಚತೈತಿ. ಹದಿನೈದು ಇದ್ರ ಯಾವುದರ ಹಿಂದ ಹತ್ತೂದು ಅಂತ ಅದಕ್ಕ ತಿಳೀದುಲ್ಲ. ಪೆಟ್ಟು ಎಲ್ಲಾರಿಗೂ ವಾಟಣಿ ಆಗಿ ಹೋಗ್ತಾವ, ಒಂದೂ ಸಾಯೂದಿಲ್ಲ."

ವಾಟಣಿ ಎಂದರೆ ಪಾಲು ಹಂಚಿಕೆ. ಅವನು ಇನ್ನೂ ಏನೇನೋ ಹೇಳುತ್ತಿದ್ದ. ನಾನು ಫೋನು ಕಿವಿಗೆ ಹಿಡಿದು ಕೊಲ್ಹಾಪುರದ ನಮ್ಮ ಹಳೆಯ ವಾಡೆಯನ್ನು, ಗಂಡನ ಕಡೆಯವರ ಆ ತುಂಬು ಮನೆಯನ್ನು, ನೆನೆಯುತ್ತ ನಿಂತೆ.

ಆ ವಾಡೆಯಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಅವರ ಹೆಂಡಿರು, ಮಕ್ಕಳು, ಮೊಮ್ಮಕ್ಕಳು, ಎಲ್ಲ ಕೂಡಿ ಇದ್ದೆವು. ಬಚ್ಚಲಿಗೆ ಪಾಳಿ, ಒಲೆಗೆ ಪಾಳಿ. ನನ್ನ ಗಂಡ ಆಗಲೂ ಹೀಗೇ ಇದ್ದರು. ಸ್ಕೂಟರಿಗೆ ಪೆಟ್ರೋಲ್ ಹಾಕಿಲ್ಲವೆಂದು ತಮ್ಮನಿಗೆ ನಾಲ್ಕು ಮಾತು, ಹಾಲು ಉಕ್ಕಿದ್ದಕ್ಕೆ ಚಿಕ್ಕಮ್ಮನಿಗೆ ಎರಡು, ಹಾಲಿನವನಿಗೆ ಒಂದು. ನನ್ನ ಪಾಲಿಗೆ ಬರುವಾಗ ಅದು ಸವೆದು ಗೊಣಗಾಟವಷ್ಟೇ ಉಳಿದಿರುತ್ತಿತ್ತು. ಈ ಇಕ್ಕಟ್ಟಿನಲ್ಲಿ ನಿನಗೆ ಉಸಿರು ಕಟ್ಟುತ್ತದೆ, ಬೇರೆ ಮನೆ ಮಾಡೋಣ ಎಂದವರು ಅವರೇ. ಪ್ರೀತಿಯಿಂದಲೇ ಎಂದದ್ದು. ನಾನೂ ಹಿಗ್ಗಿದ್ದೆ.

ಫ್ಲ್ಯಾಟಿಗೆ ನಾವು ಮೂವರೇ ಬಂದೆವು. ಸುತ್ತಲೂ ಮಗ್ಗದ ಶೆಡ್ಡುಗಳು. ಹಗಲೂ ರಾತ್ರಿ ಖಟಖಟ, ಕಿಟಕಿ ಎಷ್ಟು ಮುಚ್ಚಿದರೂ ಒಳಗೆ ಹತ್ತಿಯ ಎಳೆ. ಆ ಎಳೆ ತಟ್ಟೆಯ ಮೇಲೆ ಕಂಡರೆ ಸಾಕು. ನನ್ನ ಗಂಡ ಕೂಗುವುದಿಲ್ಲ, ಕೈಯೆತ್ತುವುದಂತೂ ಇಲ್ಲವೇ ಇಲ್ಲ. ಎಳೆಯನ್ನು ಎರಡು ಬೆರಳಲ್ಲಿ ಹಿಡಿದು, ಎತ್ತಿ ತೋರಿಸಿ, ಇದು ಏನು ಎಂದು ಕೇಳುತ್ತಾರೆ. ಉತ್ತರ ಕೊಡುವವರೆಗೂ ಕೇಳುತ್ತಾರೆ. ಕೊಟ್ಟರೆ ಉತ್ತರದಲ್ಲಿ ಏನು ತಪ್ಪೆಂದು ಹೇಳುತ್ತಾರೆ. ಸೋಫಾದ ದಿಂಬು ಅಡ್ಡ ಇದ್ದರೆ ಅದು, ಚಹಾ ಕೆಂಪಾದರೆ ಅದು. ಅತ್ತೆ ಪಕ್ಕದಲ್ಲಿ ಕೂತು ಸುಮ್ಮನಿದ್ದರೂ ಬದುಕಿಕೊಳ್ಳುತ್ತಿದ್ದೆ. ನಿನ್ನೆಯೂ ಹಾಗೇ ಮಾಡಿದ್ದಳು ಎಂದು ಗಾಯಕ್ಕೆ ಉಪ್ಪು ಸವರುತ್ತಿದ್ದರು. ಹೊಡೆದಿದ್ದರೆ ತವರಿನಲ್ಲಿ ಹೇಳಬಹುದಿತ್ತು. ಹತ್ತಿಯ ಎಳೆಯ ಬಗ್ಗೆ ಮೂರು ದಿನ ಮಾತಾಡಿದರು ಎಂದು ಯಾರಿಗೆ ಹೇಳುವುದು? ಕೇಳಿದವರು ನನ್ನನ್ನೇ ನೋಡಿ ನಗುತ್ತಿದ್ದರು.

ಇನ್ನಷ್ಟು ಮೀನು ತರಬೇಕಂತೆ ಎಂದು ಆ ಸಂಜೆ ಹೇಳಿದೆ. ಒಂದೂ ಬೇಡ, ಇದ್ದವೇ ಹೊಂದಿಕೊಂಡು ಹೋಗುತ್ತವೆ ಎಂದರು ಗಂಡ. ಆ ಮಾತನ್ನು ನಾನು ಮದುವೆಯಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿದ್ದೆನೋ!

ಅಷ್ಟರಲ್ಲಿ ಗಡಹಿಂಗ್ಲಜದಲ್ಲಿ ನನ್ನ ತಾಯಿಗೆ ಕಣ್ಣಿನ ಆಪರೇಷನ್ ಗೊತ್ತಾಯಿತು. ನೋಡಿಕೊಳ್ಳಲು ಹೋದೆ. ಆಪರೇಷನ್ ಆದ ಮರುದಿನ ಮುಂಜಾನೆ ತವರಿನ ಅಡುಗೆಮನೆಯಲ್ಲಿ ನನ್ನ ಕೈಯಿಂದ ಲೋಟ ಜಾರಿ ಬಿತ್ತು. ಹೆದರಿ ಹಿಂದೆ ತಿರುಗಿದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ತಾಯಿ, ಕಾಲಿಗೆ ಪೆಟ್ಟಾಯಿತೇನು ಎಂದಷ್ಟೇ ಕೇಳಿದರು. ನಾನು ನೆಲ ಒರೆಸುತ್ತ ಅತ್ತುಬಿಟ್ಟೆ. ಅಲ್ಲಿದ್ದಾಗಲೇ ನೇಸರಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವರು ಬೇಕಾಗಿದ್ದಾರೆಂದು ಗೊತ್ತಾಯಿತು. ಹೋಗಿ ಮಾತಾಡಿದೆ. ಮಾರ್ಕ್ಸ್‌ಕಾರ್ಡ್ ತನ್ನಿ, ಸೋಮವಾರದಿಂದ ಬನ್ನಿ ಎಂದರು. ಗಡಹಿಂಗ್ಲಜದಿಂದ ದಿನಾ ಬಸ್ಸಿದೆ, ಇರಲು ತವರುಮನೆಯಿದೆ. ತಾಯಿಗೆ ಹೇಳಿದೆ. ಅವರು, "ನಿನ್ನ ಅರಿವಿ ಸುದ್ದಾ ತಗೊಂಡ ಬಾ," ಎಂದರು. ಬಟ್ಟೆಬರೆಯನ್ನೂ ತಂದುಬಿಡು ಎಂದರೆ ಏನರ್ಥವೆಂದು ಇಬ್ಬರಿಗೂ ಗೊತ್ತಿತ್ತು.

ಶುಕ್ರವಾರ ನಿಪ್ಪಾಣಿ ಮೇಲೆ ಇಚಲಕರಂಜಿಗೆ ಹೋಗುವ ಬಸ್ಸು ಹತ್ತಿದೆ. ಗಂಡ ಇಲ್ಲದ ಹೊತ್ತಿಗೆ ಹೋಗಿ, ಬೇಕಾದದ್ದು ಚೀಲಕ್ಕೆ ತುಂಬಿ, ಅತ್ತೆಗೆ ಏನಾದರೊಂದು ಸುಳ್ಳು ಹೇಳಿ ಹೊರಟುಬಿಡುವುದು ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಸುಳ್ಳನ್ನು ಎರಡು ಸಲ ಮನಸ್ಸಿನಲ್ಲೇ ಆಡಿಯೂ ನೋಡಿದ್ದೆ.

ಬಾಗಿಲು ತೆಗೆದ ಅತ್ತೆ ಮೊದಲು ನನ್ನ ಹಿಂದೆ ನೋಡಿದರು. ನಾನೊಬ್ಬಳೇ ಎಂದು ಖಾತ್ರಿಯಾದ ಮೇಲೆ ಅವರ ಹೆಗಲು ಇಳಿಯಿತು. ಸೊರಗಿದ್ದರು. ನನಗೆ ನೀರು ಕೊಟ್ಟರು. ಕೊಡುವ ಮೊದಲು ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಸೋಫಾದ ದಿಂಬುಗಳು ಅಳತೆಪಟ್ಟಿ ಹಿಡಿದು ಇಟ್ಟ ಹಾಗಿದ್ದವು. ಕೂತು ಮಾತಾಡುತ್ತಲೇ ಎರಡು ಸಲ ಎದ್ದು ಅವನ್ನು ಸರಿಮಾಡಿದರು. ಏನಾಗಿದೆಯೆಂದು ನನಗೆ ಆಗಲೇ ಗೊತ್ತಾಯಿತು, ಇನ್ನಷ್ಟು ಗೊತ್ತಾಗಬಾರದೆಂದು ಒಳಕೋಣೆಗೆ ಹೋದೆ. ಕಪಾಟು ತೆಗೆದು ಮಾರ್ಕ್ಸ್‌ಕಾರ್ಡು, ನಾಲ್ಕು ಸೀರೆ ಚೀಲಕ್ಕೆ ಹಾಕಿದೆ. ತಿರುಗಿದರೆ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಚೀಲ ನೋಡಿದರು. ಬಾ ಎಂದು ತೊಟ್ಟಿಯ ಹತ್ತಿರ ಕರೆದೊಯ್ದರು. ಮೀನಿಗೆ ಕಾಳು ಹಾಕಲು ಅದರ ಮುಚ್ಚಳ ತೆಗೆದು, ಯಾವುದೋ ಗುಂಗಿನಲ್ಲಿ ಸೋಫಾದ ಮೇಲೆ ಇಟ್ಟರು. ಒಳಗೆ ಮೂರೇ ಇದ್ದವು.

"ಹಳದೀದು ಹೋತು ತಂಗಿ. ಈಗ ಕೇಸರೀದು ನಿಂತೈತಿ ನೋಡಲ್ಲೆ. ಆ ಮೂಲಿ ಖಾಲಿ ಇರೂದೇ ಇಲ್ಲ."

ಸತ್ತದ್ದಕ್ಕೆ ಅವರು ಒಂದು ಹೊತ್ತಿನ ಊಟ ಬಿಟ್ಟಿದ್ದರಂತೆ. ಅದನ್ನು ಹೇಳಿ, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಗಾಜಿನ ಕಡೆಗೇ ಮುಖ ಮಾಡಿ, ಮುಂದಿನ ಮಾತು ಆಡಿದರು.

"ನೀ ಇದ್ದಾಗ ನಾನೂ ನಿನಗ ಚುಚ್ಚತಿದ್ದೆ. ಅಂವಾ ನನ್ನ ಕಡೆ ಹೊಳ್ಳಬಾರದಂತ ಚುಚ್ಚತಿದ್ದೆ. ಅವನ ಅಪ್ಪಾನೂ ಹಿಂಗ ಇದ್ರು. ವಾಡೇದಾಗ ಮಂದಿ ಭಾಳ ಇದ್ರು, ಹೆಂಗೋ ದಿನಾ ಕಳೀತು."

ನನಗೆ ಕನಿಕರ ಬರಲಿಲ್ಲ, ಸಿಟ್ಟು ಬಂತು. ಇಷ್ಟು ದಿನ ಗೊತ್ತಿದ್ದೇ ಮಾಡಿದಿರಾ ಎಂದು ಕೂಗಬೇಕೆನಿಸಿತು. ಅದಕ್ಕಿಂತ ದೊಡ್ಡ ಸಿಟ್ಟು, ಅವರು ಇದನ್ನು ಈವತ್ತೇ ಯಾಕೆ ಹೇಳಿದರು ಎಂಬುದು. ನಾಳೆ ಹೇಳಿದ್ದರೆ ನಾನು ಗಡಹಿಂಗ್ಲಜದಲ್ಲಿ ಇರುತ್ತಿದ್ದೆ. ಬೇಡಿಕೊಂಡಿದ್ದರೂ, ಅತ್ತಿದ್ದರೂ, ಕಲ್ಲು ಮನಸ್ಸು ಮಾಡಿ ಹೋಗುತ್ತಿದ್ದೆ. ಅವರು ಬೇಡಲಿಲ್ಲ.

"ಹೋಗೂದಿದ್ರ ಹೋಗವ್ವಾ, ನಾ ಬ್ಯಾಡ ಅನ್ನೂದಿಲ್ಲ. ಮುಂಚೆ ಒಂದು ಮಾತು ಹೇಳಿ ಹೋಗು. ನಾ ತಯಾರಾಗಿ ಕೂಡ್ತೇನಿ."

ಅಷ್ಟರಲ್ಲಿ ಲಿಫ್ಟಿನ ಬಾಗಿಲ ಸದ್ದಾಯಿತು. ಹೊತ್ತು ಮುಳುಗುವ ಮೊದಲು ಊಟಕ್ಕೆ ಬರುವುದು ನನ್ನ ಗಂಡನ ರೂಢಿ, ಮಾತಿನಲ್ಲಿ ನಮಗೆ ಹೊತ್ತು ಹೋದದ್ದೇ ತಿಳಿದಿರಲಿಲ್ಲ. ಅತ್ತೆ ಎದ್ದು ನಿಂತರು. ನಾನೂ ಎದ್ದು ನಿಂತಿದ್ದೆ, ಅದು ನನಗೆ ಆಮೇಲೆ ಗೊತ್ತಾಯಿತು. ಗಂಡ ಒಳಗೆ ಬಂದು, ಯಾವಾಗ ಬಂದೆ ಎಂದು ನನ್ನನ್ನು ಮೃದುವಾಗಿಯೇ ಕೇಳಿದರು. ಆಮೇಲೆ ಅವರ ಕಣ್ಣು ಸೋಫಾದ ಮೇಲಿದ್ದ ಒದ್ದೆ ಮುಚ್ಚಳಕ್ಕೆ ಬಿತ್ತು. ಅದರ ನೀರು ದಿಂಬಿಗೆ ಇಳಿಯುತ್ತಿತ್ತು. ಮೆಲ್ಲಗೆ ನಡೆದು ಬಂದು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದನ್ನ ಇಲ್ಲೆ ಯಾರು ಇಟ್ರು?"

"ನಾ," ಎಂದೆ ನಾನು.

"ನಾ," ಎಂದರು ಅತ್ತೆ, ಅದೇ ಗಳಿಗೆಯಲ್ಲಿ.

ಗಂಡ ನನ್ನನ್ನು ನೋಡಿದರು. ತಮ್ಮ ತಾಯಿಯನ್ನು ನೋಡಿದರು. ಮತ್ತೆ ನನ್ನ ಕಡೆ ಹೊರಳಿದರು. ಬಾಯಿ ತೆರೆದದ್ದು ಹಾಗೇ ಇತ್ತು, ಮಾತು ಯಾರ ಕಡೆಗೆ ಎಂದು ತೋಚಲಿಲ್ಲ. ಮುಚ್ಚಳವನ್ನು ತೊಟ್ಟಿಯ ಮೇಲಿಟ್ಟು, ಕೈ ಒರೆಸಿಕೊಂಡು, ಅಂಗಿ ಬದಲಿಸಲು ಒಳಗೆ ಹೋದರು. ಅತ್ತೆ ನನ್ನ ಮುಖ ನೋಡಲಿಲ್ಲ, ದಿಂಬು ತಿರುವಿ ಹಾಕಿ ರೊಟ್ಟಿ ಬಡಿಯಲು ಹೋದರು.

ಸೋಮವಾರ ನಾನು ನೇಸರಿಗೆ ಹೋಗಲಿಲ್ಲ. ಅತ್ತೆ ಮತ್ತು ನಾನು ಕೂಡಿ ಕೊಲ್ಹಾಪುರಕ್ಕೆ ಹೋದೆವು, ಅವರ ಮಗನನ್ನು ಕೇಳದೆಯೇ ಹೋದೆವು. ಹನ್ನೆರಡು ಮೀನು ತಂದೆವು. ಅಂಗಡಿಯವನು ಹೇಳಿದಂತೆ ಕಲ್ಲುಗಳನ್ನೆಲ್ಲ ಕಿತ್ತು ಬೇರೆ ಕಡೆ ಜೋಡಿಸಿ, ಎಲ್ಲವನ್ನೂ ಒಟ್ಟಿಗೆ ಬಿಟ್ಟೆವು. ನೀಲಿಯದು ಈಗಲೂ ಕಚ್ಚುತ್ತದೆ. ಮೂಲೆಯಲ್ಲಿ ನಿಂತೇ ಇರುವ ಮೀನು ಮಾತ್ರ ಯಾವುದೂ ಇಲ್ಲ. ಅತ್ತೆ ಚಹಾಕ್ಕೆ ಮತ್ತೆ ಸಕ್ಕರೆ ಹಾಕಿಕೊಳ್ಳುತ್ತಾರೆ.

ಮನೆಯಲ್ಲಿ ಹದಿನೈದು ಜನರನ್ನು ತಂದು ಬಿಡಲು ಬರುವುದಿಲ್ಲ, ನಾವು ಇಬ್ಬರೇ. ತಟ್ಟೆಯ ಎಳೆ ಯಾರದು ಎಂದರೆ ಇಬ್ಬರದೂ. ಪೆಟ್ಟು ನಿಂತಿಲ್ಲ, ಅರ್ಧವಾಗಿದೆ. ಅರ್ಧವನ್ನು ತಡೆದುಕೊಳ್ಳಬಹುದು, ಅದೇ ಅದರ ಕೆಟ್ಟತನ.

ಆ ಚೀಲ ಕಪಾಟಿನ ಮೇಲೆ ತುಂಬಿದಂತೆಯೇ ಇದೆ. ನೇಸರಿಯಿಂದ ಇನ್ನೊಂದು ಸಲ ಫೋನು ಬಂದಿತ್ತು, ಬರುವ ವರ್ಷವಾದರೂ ಬನ್ನಿ ಎಂದರು. ನನ್ನನ್ನು ಯಾರೂ ಕಟ್ಟಿಹಾಕಿಲ್ಲ, ಬಾಗಿಲಿಗೆ ಬೀಗವೂ ಇಲ್ಲ. ಹೋಗುವ ಮುಂಚೆ ಅತ್ತೆಗೆ ಒಂದು ಮಾತು ಹೇಳಬೇಕು, ಅಷ್ಟೇ. ಹೇಳಬೇಕೆಂದು ಅಡುಗೆಮನೆಗೆ ಹೋಗುತ್ತೇನೆ. ಅವರು ನೀರು ಸೋಸುತ್ತಿರುತ್ತಾರೆ. ನಾನು ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡು ನಿಲ್ಲುತ್ತೇನೆ.